ಕಾಲೇಜು ಶುಲ್ಕ: ಜೇಬಿನ ಬಡತನ ಮತ್ತು ಮಾಹಿತಿಯ ಬಡತನ

ಎಸೆಸೆಲ್ಸಿ ಮತ್ತು ಪಿಯುಸಿ ಫಲಿತಾಂಶ ಪ್ರಕಟವಾದೊಡನೆ ನಮ್ಮ ಊರುಗಳಲ್ಲಿ ಪ್ರತಿಭಾ ಪುರಸ್ಕಾರದ ಸಮಾರಂಭಗಳು ಆರಂಭವಾಗುತ್ತವೆ. ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಸ್ಮರಣಿಕೆ ನೀಡಲಾಗುತ್ತದೆ. ಸಮುದಾಯ ಶಿಕ್ಷಣದಲ್ಲಿ ಮುಂದೆ ಬರಬೇಕೆಂದು ಗಣ್ಯರು ಕರೆ ಕೊಡುತ್ತಾರೆ. ಇದೆಲ್ಲವೂ ಒಳ್ಳೆಯದೇ. ಆದರೆ ಸಮಾರಂಭ ಮುಗಿದು ಎರಡು ತಿಂಗಳಾದ ಬಳಿಕ, ವೇದಿಕೆ ಏರಿದ ಆ ಮಕ್ಕಳಲ್ಲಿ ಎಷ್ಟು ಮಂದಿ ಕಾಲೇಜಿನ ಮೆಟ್ಟಿಲು ಹತ್ತಿದರು, ಎಷ್ಟು ಮಂದಿ ಶುಲ್ಕ ಕಟ್ಟಲಾರದೆ ಮನೆಯಲ್ಲುಳಿದರು ಎಂದು ವಿಚಾರಿಸುವವರು ಯಾರು? ವೇದಿಕೆಗೆ ಬರುವಷ್ಟು ಅಂಕ ಸಿಗದ, ಆದರೆ ಓದುವ ಹಂಬಲವಿರುವ ಸಾಧಾರಣ ವಿದ್ಯಾರ್ಥಿಯ ಗತಿಯೇನು?

2006ರಲ್ಲಿ ಸಾಚಾರ್ ಸಮಿತಿ ತನ್ನ ವರದಿಯನ್ನು ಕೇಂದ್ರ ಸರಕಾರಕ್ಕೆ ಸಲ್ಲಿಸಿತು. ಇಪ್ಪತ್ತು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಮುಸ್ಲಿಮರಲ್ಲಿ ಪದವೀಧರರು ಹಾಗೂ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ ಎಂದೂ, ಒಟ್ಟು ಜನಸಂಖ್ಯೆಯಲ್ಲಿ ಈ ಪ್ರಮಾಣ ಸುಮಾರು ಶೇ. 7 ಎಂದೂ ಆ ವರದಿ ಹೇಳಿತ್ತು. ಅಂದಿನಿಂದ ಇಂದಿನವರೆಗೆ ಈ ಅಂಕಿಯನ್ನು ನಾವು ಸಾವಿರಾರು ಭಾಷಣಗಳಲ್ಲಿ ಉಲ್ಲೇಖಿಸಿದ್ದೇವೆ. ಆದರೆ ಒಬ್ಬ ವಿದ್ಯಾರ್ಥಿ ಕಾಲೇಜಿನ ಬಾಗಿಲಿನಿಂದ ಹಿಂದಿರುಗುವ ಆ ನಿರ್ದಿಷ್ಟ ಗಳಿಗೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಆಳವಾಗಿ ಪರಿಶೀಲಿಸಿದ್ದು ಕಡಿಮೆ. ಅಲ್ಲಿ ಎರಡು ಬಡತನಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಒಂದು ಜೇಬಿನ ಬಡತನ, ಇನ್ನೊಂದು ಮಾಹಿತಿಯ ಬಡತನ. ಮೊದಲನೆಯದನ್ನು ನೀಗಿಸಲು ಕಾಲ ಬೇಕು. ಎರಡನೆಯದನ್ನು ನಾವು ಮನಸ್ಸು ಮಾಡಿದರೆ ಈ ವರ್ಷವೇ ನೀಗಿಸಬಹುದು.

ಕಾಲೇಜಿನ ಖರ್ಚು ಎಂದೊಡನೆ ಹೆತ್ತವರು ಕೇಳುವುದು ಒಂದೇ ಪ್ರಶ್ನೆ: ಫೀಸು ಎಷ್ಟು? ಕಚೇರಿಯಲ್ಲಿ ಕುಳಿತ ಗುಮಾಸ್ತ ಒಂದು ಮೊತ್ತ ಹೇಳುತ್ತಾನೆ. ತಂದೆ ಅದನ್ನು ಕೇಳಿ ಬೆಚ್ಚಿ ಮರಳುತ್ತಾನೆ, ಇಲ್ಲವೇ ಸಾಲ ಮಾಡಿ ಕಟ್ಟುತ್ತಾನೆ. ಆ ಮೊತ್ತದೊಳಗೆ ಏನೇನಿದೆ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಶುಲ್ಕ ಎಂಬುದು ಹಲವು ತುಂಡುಗಳ ಒಟ್ಟು ಮೊತ್ತ. ಬೋಧನಾ ಶುಲ್ಕ ಅದರಲ್ಲೊಂದು. ವಿಶ್ವವಿದ್ಯಾಲಯಕ್ಕೆ ಸಲ್ಲುವ ನೋಂದಣಿ ಮತ್ತು ಪರೀಕ್ಷಾ ಶುಲ್ಕ, ಪ್ರಯೋಗಾಲಯ ಹಾಗೂ ಗ್ರಂಥಾಲಯದ ಶುಲ್ಕ, ಅಭಿವೃದ್ಧಿ ಶುಲ್ಕ, ಓದು ಮುಗಿದ ಮೇಲೆ ಮರಳಿ ಸಿಗಬೇಕಾದ ಠೇವಣಿ ಇವೆಲ್ಲ ಬೇರೆ ಬೇರೆ. ಈ ವಿಂಗಡಣೆ ಏಕೆ ಮುಖ್ಯವೆಂದರೆ, ಸರಕಾರದ ವಿನಾಯಿತಿಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕಕ್ಕೆ ಮಾತ್ರ ಅನ್ವಯಿಸುತ್ತವೆ. ಉಚಿತ ಸೀಟು ಸಿಕ್ಕಿತೆಂದು ಸಂತೋಷಪಟ್ಟು ಕಾಲೇಜಿಗೆ ಹೋದ ಕುಟುಂಬ, ಉಳಿದ ಶುಲ್ಕಗಳ ಪಟ್ಟಿ ಕಂಡು ಕಂಗಾಲಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಪ್ರವೇಶಕ್ಕೆ ಮೊದಲೇ ಲಿಖಿತ ಶುಲ್ಕಪಟ್ಟಿಯನ್ನು ಕೇಳಿ ಪಡೆಯಬೇಕು. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಬೇಕು. ರಸೀದಿ ಕೊಡಲೊಪ್ಪದ ಹಣವನ್ನು ಕಟ್ಟುವ ಹೊಣೆ ನಮ್ಮ ಮೇಲಿಲ್ಲ.

ಇದಲ್ಲದೆ ಕಾಲೇಜಿನ ರಸೀದಿಯಲ್ಲಿ ಎಂದೂ ಕಾಣಿಸದ ಖರ್ಚೊಂದಿದೆ. ಉದಾಹರಣೆಗೆ, ಪರವೂರಿನ ಕಾಲೇಜೊಂದರ ವಾರ್ಷಿಕ ಶುಲ್ಕ 40,000 ರೂ. ಎಂದಿಟ್ಟುಕೊಳ್ಳೋಣ. ಊಟ ಮತ್ತು ವಸತಿಗೆ ತಿಂಗಳಿಗೆ 6,000 ರೂ.ಯಂತೆ ಹತ್ತು ತಿಂಗಳಿಗೆ 60,000 ರೂ. ಆಯಿತು. ಅಂದರೆ ಬದುಕುವ ಖರ್ಚು ಓದುವ ಖರ್ಚನ್ನು ಮೀರಿತು. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿದರೆ ಕುಟುಂಬದ ಮೇಲೆ ಬೀಳುವುದು 4 ಲಕ್ಷ ರೂ. ಹೊರೆ, ಅದರಲ್ಲಿ ಶುಲ್ಕದ ಪಾಲು 1 ಲಕ್ಷ 60 ಸಾವಿರ ಮಾತ್ರ. ಮನೆಯಿಂದ ಹೋಗಿ ಬರಬಹುದಾದ ಕಾಲೇಜಿನ ಶುಲ್ಕ ತುಸು ಹೆಚ್ಚಿದ್ದರೂ ಒಟ್ಟಿನಲ್ಲಿ ಅದೇ ಅಗ್ಗವಾಗಬಹುದು. ಮೊದಲ ವರ್ಷದ ಹಣವನ್ನು ಹೇಗೋ ಹೊಂದಿಸಿ, ಎರಡನೇ ವರ್ಷಕ್ಕೆ ಕೈಸೋತು ಓದು ನಿಲ್ಲಿಸುವುದಕ್ಕಿಂತ, ಪೂರ್ತಿ ಅವಧಿಯ ಲೆಕ್ಕವನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳುವುದು ವಿವೇಕ.

ಇನ್ನು ಸೀಟಿನ ವಿಚಾರ. ವೃತ್ತಿಪರ ಕೋರ್ಸುಗಳಲ್ಲಿ ಒಂದೇ ಕಾಲೇಜಿನ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಶುಲ್ಕ ಕಟ್ಟಿರುತ್ತಾರೆ. ಸಿಇಟಿ ಮೂಲಕ ಸರಕಾರಿ ಕೋಟಾದಲ್ಲಿ ಬಂದವನಿಗೆ ಒಂದು ದರ, ಕಾಮೆಡ್‌ಕೆ ಮೂಲಕ ಬಂದವನಿಗೆ ಇನ್ನೊಂದು, ಆಡಳಿತ ಮಂಡಳಿಯ ಕೋಟಾದವನಿಗೆ ಮತ್ತೊಂದು. ಅಧ್ಯಾಪಕರೂ ಒಂದೇ, ಪದವಿಯೂ ಒಂದೇ. ವ್ಯತ್ಯಾಸ ಆಗುವುದು ಸಕಾಲದಲ್ಲಿ ಅರ್ಜಿ ಹಾಕಿದರೋ ಇಲ್ಲವೋ, ಪರೀಕ್ಷೆ ಬರೆದರೋ ಇಲ್ಲವೋ, ದಾಖಲೆ ಸರಿಯಿತ್ತೋ ಇಲ್ಲವೋ ಎಂಬುದರ ಮೇಲೆ. ಸಿಇಟಿಯ ಅರ್ಜಿ ಸಲ್ಲಿಸುವ ದಿನಾಂಕ ಕಳೆದ ಮೇಲೆ ಎಚ್ಚೆತ್ತು, ಮಧ್ಯವರ್ತಿಗಳ ಮೂಲಕ ಆಡಳಿತ ಮಂಡಳಿಯ ಸೀಟು ಖರೀದಿಸಿದ ಕುಟುಂಬಗಳು ನಮ್ಮ ನಡುವೆ ಎಷ್ಟಿಲ್ಲ? ತಾಯಿಯ ಬಂಗಾರ ಮಾರಿದ ಹಣ ಅಲ್ಲಿ ವಿದ್ಯೆಗೆ ಹೋಗಲಿಲ್ಲ, ನಮ್ಮ ನಿರ್ಲಕ್ಷ್ಯಕ್ಕೆ ದಂಡವಾಗಿ ಹೋಯಿತು.

ರಸೀದಿಯಿಲ್ಲದ ಡೊನೇಶನ್ ಕಾನೂನುಬಾಹಿರ ಎಂಬುದನ್ನೂ ನಾವು ಮರೆತಿದ್ದೇವೆ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1984ರಲ್ಲೇ ಮಾಡಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಶುಲ್ಕದ ವಿರುದ್ಧ ಕಟುವಾದ ತೀರ್ಪು ಕೊಟ್ಟಿತು. ಆ ಪ್ರಕರಣ ಹುಟ್ಟಿದ್ದೂ ನಮ್ಮದೇ ರಾಜ್ಯದಲ್ಲಿ. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ, 2003ರ ಇಸ್ಲಾಮಿಕ್ ಅಕಾಡೆಮಿ, 2005ರ ಇನಾಮ್‌ದಾರ್ ಪ್ರಕರಣಗಳ ತೀರ್ಪುಗಳು ಖಾಸಗಿ ಮತ್ತು ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆಡಳಿತದ ಸ್ವಾತಂತ್ರ್ಯವನ್ನು ನೀಡಿದರೂ, ಲಾಭಕೋರತನ ಮತ್ತು ಕ್ಯಾಪಿಟೇಶನ್‌ಗೆ ಅವಕಾಶವಿಲ್ಲ ಎಂಬುದನ್ನು ಸ್ಪಷ್ಟಪಡಿಸಿದವು. ಸಂವಿಧಾನದ 30ನೇ ವಿಧಿಯ ಹೆಸರಿನಲ್ಲಿ ಸಂಸ್ಥೆ ಕಟ್ಟಿದ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ. ಸಮುದಾಯದ ದೇಣಿಗೆಯಿಂದ ಎದ್ದ ಕಟ್ಟಡದಲ್ಲಿ ಸಮುದಾಯದ ಬಡವನ ಮಗನಿಗೆ ರಿಯಾಯಿತಿಯ ಸೀಟು ಎಷ್ಟಿದೆ ಎಂದು ಆಡಳಿತ ಮಂಡಳಿಗಳು ವರ್ಷಕ್ಕೊಮ್ಮೆಯಾದರೂ ಲೆಕ್ಕ ಪ್ರಕಟಿಸಲಿ.

ಹಾಗಾದರೆ ಖರ್ಚನ್ನು ತಗ್ಗಿಸುವ ದಾರಿಗಳು ಯಾವುವು? ಮೊದಲನೆಯದು ದಾಖಲೆ. ಕರ್ನಾಟಕದಲ್ಲಿ ಮುಸ್ಲಿಮರಿಗೆ 2ಬಿ ಪ್ರವರ್ಗದಡಿ ಶೇ. 4 ಮೀಸಲಾತಿಯಿದೆ. 2023ರ ಮಾರ್ಚ್‌ನಲ್ಲಿ ಅಂದಿನ ಬಿಜೆಪಿ ಸರಕಾರ ಇದನ್ನು ರದ್ದುಪಡಿಸಲು ಹೊರಟಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಆ ಆದೇಶ ಜಾರಿಗೆ ಬರಲಿಲ್ಲ. ಪಿಂಜಾರ, ನದಾಫ್‌ನಂತಹ ಸಮುದಾಯಗಳು ಪ್ರವರ್ಗ 1ರಲ್ಲಿವೆ. ಇಷ್ಟು ಕಷ್ಟಪಟ್ಟು ಉಳಿದಿರುವ ಹಕ್ಕನ್ನು, ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣ ಪತ್ರ ತರಲಿಲ್ಲ ಎಂಬ ಕಾರಣಕ್ಕೆ ಕಳೆದುಕೊಳ್ಳುವವರಿದ್ದಾರೆ. ಮಗು ಒಂಬತ್ತನೇ ತರಗತಿಯಲ್ಲಿರುವಾಗಲೇ ಈ ಪತ್ರಗಳು ಮನೆಯಲ್ಲಿರಬೇಕು. ಅವುಗಳ ಅವಧಿ ಮುಗಿಯುವ ದಿನಾಂಕವೂ ತಿಳಿದಿರಬೇಕು. ಶಾಲಾ ದಾಖಲೆ, ಆಧಾರ್ ಮತ್ತು ಬ್ಯಾಂಕ್ ಪುಸ್ತಕದಲ್ಲಿ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಬರೀ ‘ಎಂ.ಡಿ.’ ಎಂದಿದ್ದರೆ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಧಾರ್‌ಗೆ ಜೋಡಣೆಯಾಗದ ಖಾತೆಗೆ ಹಣ ಬರುವುದೂ ಇಲ್ಲ.

ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟುಗಳಿವೆ. ಒಂದರಿಂದ ಹತ್ತನೇ ತರಗತಿಯವರೆಗೆ ಹಾಗೆ ಓದಿದ್ದಕ್ಕೆ ಶಾಲೆಯ ಪ್ರಮಾಣ ಪತ್ರ ಬೇಕು. ಸರಕಾರಿ ಕನ್ನಡ ಶಾಲೆಯಲ್ಲಿ ಓದಿದೆನೆಂದು ಸಂಕೋಚಪಡುವ ನಮ್ಮ ಮಕ್ಕಳಿಗೆ, ಅದೇ ಅವರ ಪಾಲಿನ ಬಲವೆಂದು ತಿಳಿಸಿ ಹೇಳುವವರು ಬೇಕಾಗಿದ್ದಾರೆ. ತಾಂತ್ರಿಕ ಕಾಲೇಜುಗಳಲ್ಲಿ ಎಸ್‌ಎನ್‌ಕ್ಯೂ ಎಂದು ಕರೆಯಲಾಗುವ ಶೇ. 5 ಹೆಚ್ಚುವರಿ ಸೀಟುಗಳಿವೆ. ವಾರ್ಷಿಕ ಆದಾಯ 8 ಲಕ್ಷ ರೂ.ಗಿಂತ ಕಡಿಮೆಯಿರುವ ಕುಟುಂಬದ ಪ್ರತಿಭಾವಂತರಿಗೆ ಅಲ್ಲಿ ಬೋಧನಾ ಶುಲ್ಕ ಪೂರ್ತಿ ಮಾಫಿ. ನಮ್ಮ ಪಟ್ಟಣಗಳ ಸಣ್ಣ ವ್ಯಾಪಾರಿಗಳು, ಚಾಲಕರು, ಗುಜರಿ ಮತ್ತು ಮೀನಿನ ವಹಿವಾಟಿನವರಲ್ಲಿ ಹೆಚ್ಚಿನವರು ಈ ಮಿತಿಯೊಳಗೇ ಬರುತ್ತಾರೆ.

ಎರಡನೆಯ ದಾರಿ, ಅಗ್ಗದ ಮೆಟ್ಟಿಲಿನಿಂದ ಆರಂಭಿಸುವುದು. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎಂಬ ವ್ಯವಸ್ಥೆಯಿದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಆರಂಭವಾದ ಕಾಲೇಜನ್ನು ಇದರ ಮೂಲವೆನ್ನುತ್ತಾರೆ. ಊರಿನಲ್ಲೇ ಮನೆಯಿಂದ ಹೋಗಿಬಂದು, ಕಡಿಮೆ ಶುಲ್ಕದಲ್ಲಿ ಎರಡು ವರ್ಷ ಓದಿ, ಬಳಿಕ ದೊಡ್ಡ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರುವ ಅವಕಾಶ ಅಲ್ಲಿದೆ. ಬಡ ವಿದ್ಯಾರ್ಥಿಗಳಿಗೆ ಮರುಪಾವತಿಸಬೇಕಿಲ್ಲದ ಪೆಲ್ ಅನುದಾನವನ್ನು ಕೇಂದ್ರ ಸರಕಾರ ನೀಡುತ್ತದೆ. ಜಗತ್ತಿನ ಶ್ರೀಮಂತ ದೇಶದಲ್ಲೂ ಸಾಧಾರಣ ಕುಟುಂಬಗಳು ಲೆಕ್ಕ ಹಾಕಿಯೇ ಓದಿಸುತ್ತವೆ ಎಂಬುದು ಇದರಿಂದ ತಿಳಿಯುತ್ತದೆ. ನಮ್ಮಲ್ಲಿಯೂ ಇದಕ್ಕೆ ಸಮಾನವಾದ ಮಾರ್ಗವೊಂದಿದೆ. ಎಸೆಸೆಲ್ಸಿಯ ಬಳಿಕ ಸರಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಖಾಸಗಿ ಪಿಯು ಕಾಲೇಜಿನ ಶುಲ್ಕ, ಕೋಚಿಂಗ್‌ನ ಶುಲ್ಕ, ಇಂಜಿನಿಯರಿಂಗ್‌ನ ಮೊದಲ ವರ್ಷದ ಶುಲ್ಕ ಮೂರೂ ಉಳಿಯುತ್ತವೆ. ಮಧ್ಯದಲ್ಲಿ ಓದು ನಿಂತರೂ ಕೈಯಲ್ಲಿ ಉದ್ಯೋಗ ಕೊಡುವ ಪ್ರಮಾಣ ಪತ್ರವಿರುತ್ತದೆ. 1972ರಲ್ಲಿ ಡೆನ್ಮಾರ್ಕಿನ ಸಹಕಾರದಿಂದ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಇಂದು ರಾಜ್ಯದ ಹಲವು ಊರುಗಳಲ್ಲಿದೆ. ದುಡಿಯುತ್ತಾ ಓದಬೇಕೆಂದಿರುವವರಿಗೆ ಇಗ್ನೋದಂತಹ ಮುಕ್ತ ವಿಶ್ವವಿದ್ಯಾಲಯಗಳಿವೆ. ಆದರೆ ಪಾಲಿಟೆಕ್ನಿಕ್ ಎಂದರೆ ದಡ್ಡರ ಜಾಗ, ಮುಕ್ತ ವಿಶ್ವವಿದ್ಯಾಲಯವೆಂದರೆ ಸೋತವರ ಜಾಗ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನೆರೆಮನೆಯವರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ತೆಗೆದುಕೊಂಡ ಸೀಟಿಗೆ ಕೊನೆಗೆ ಬೆಲೆ ತೆರುವುದು ಮಗನ ಭವಿಷ್ಯ.

ಮೂರನೆಯದು ಸರಕಾರದ ನೆರವು. ಇಲ್ಲಿ ಒಂದು ಕಹಿಸತ್ಯವನ್ನು ಹೇಳಲೇಬೇಕು. ಸಾಚಾರ್ ವರದಿಯ ಬಳಿಕ 2007-08ರಿಂದ ಆರಂಭವಾದ ಕೇಂದ್ರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನಗಳು ಲಕ್ಷಾಂತರ ಮಕ್ಕಳಿಗೆ ಆಸರೆಯಾಗಿದ್ದವು. 2022ರಲ್ಲಿ ಒಂದರಿಂದ ಎಂಟನೇ ತರಗತಿಯವರ ವಿದ್ಯಾರ್ಥಿವೇತನವನ್ನು ನಿಲ್ಲಿಸಲಾಯಿತು. ಅದೇ ವರ್ಷ ಮೌಲಾನಾ ಆಝಾದ್ ಸಂಶೋಧನಾ ಫೆಲೋಶಿಪ್ ಮತ್ತು ವಿದೇಶ ವ್ಯಾಸಂಗದ ಬಡ್ಡಿ ಸಹಾಯಧನ ಯೋಜನೆಯೂ ಕೊನೆಗೊಂಡಿತು. 2024ರಲ್ಲಿ ಮೌಲಾನಾ ಆಝಾದ್ ಶಿಕ್ಷಣ ಪ್ರತಿಷ್ಠಾನವನ್ನೇ ಮುಚ್ಚುವ ಆದೇಶ ಹೊರಟಿತು. ಇತರ ಯೋಜನೆಗಳಿವೆ ಎಂಬುದು ಇದಕ್ಕೆ ಕೊಡುವ ಸಮಜಾಯಿಷಿ. ಒಂದು ಸಮುದಾಯದ ಹಿಂದುಳಿದಿರುವಿಕೆಯನ್ನು ಸರಕಾರಿ ಸಮಿತಿಯೇ ಅಳೆದು ತೋರಿಸಿದ ಮೇಲೆ, ಆ ಕೊರತೆ ನೀಗುವ ಮೊದಲೇ ನೆರವನ್ನು ಹಿಂತೆಗೆಯುವುದು ಯಾವ ನ್ಯಾಯ? ನಮ್ಮ ಜನಪ್ರತಿನಿಧಿಗಳು ಇದನ್ನು ಸಂಸತ್ತಿನಲ್ಲಿ ಕೇಳುತ್ತಲೇ ಇರಬೇಕು. ಆದರೆ ಕೇಂದ್ರದ ವಿದ್ಯಾರ್ಥಿವೇತನ ಬರುತ್ತದೆಂದು ನಂಬಿ ಶುಲ್ಕದ ಲೆಕ್ಕ ಹಾಕುವುದು ಇಂದು ಅಪಾಯಕಾರಿ.

ರಾಜ್ಯದಲ್ಲಿ ಉಳಿದಿರುವ ಬಾಗಿಲುಗಳನ್ನಾದರೂ ತಟ್ಟಬೇಕು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಲ್ಲಿ ಊಟ, ವಸತಿ ಉಚಿತ. ಮೇಲೆ ಹೇಳಿದ ಲೆಕ್ಕದ ದೊಡ್ಡ ಪಾಲು ಇಲ್ಲಿಯೇ ಉಳಿಯುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ತಾಣದಲ್ಲಿ ಅರ್ಜಿ ಹಾಕಬೇಕು. ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಆಯ್ಕೆಯಾದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವಿದೆ. ಸರಕಾರಿ ಶಾಲಾ ಕಾಲೇಜುಗಳಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿ ಓದಿ ಪದವಿ ಅಥವಾ ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ಅಝೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂ. ವಿದ್ಯಾರ್ಥಿವೇತನ ನೀಡುತ್ತಿದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ವಿದ್ಯಾರ್ಥಿನಿಯರಿಗೆ ಪ್ರಯಾಣದ ಖರ್ಚೂ ಇಲ್ಲ.

ಸೇರಿದ ಕಾಲೇಜನ್ನು ಬಿಟ್ಟು ಬೇರೆಡೆ ಉತ್ತಮ ಸೀಟು ಸಿಕ್ಕಾಗ ಕಟ್ಟಿದ ಹಣ ಮುಳುಗಿತೆಂದು ಸುಮ್ಮನಾಗುವವರಿದ್ದಾರೆ. ಯುಜಿಸಿಯ 2018ರ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಮೊದಲು ಹಿಂದೆ ಸರಿದರೆ ಅಲ್ಪ ಸಂಸ್ಕರಣಾ ವೆಚ್ಚ ಕಳೆದು ಪೂರ್ತಿ ಶುಲ್ಕ ಮರಳಿಸಬೇಕು. ಬಳಿಕ ಅದು ಶೇ. 90, 80, 50 ಎಂದು ಇಳಿಯುತ್ತಾ ಹೋಗಿ, ಕೊನೆಯ ದಿನಾಂಕದಿಂದ 30 ದಿನ ದಾಟಿದ ಮೇಲೆ ಏನೂ ಸಿಗುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನ ವಶದಲ್ಲಿಟ್ಟುಕೊಳ್ಳುವಂತೆಯೂ ಇಲ್ಲ. ಈ ನಿಯಮವನ್ನು ವಿನಯದಿಂದ, ಲಿಖಿತವಾಗಿ ಉಲ್ಲೇಖಿಸಿ ಕೇಳುವುದು ಜಗಳವಲ್ಲ, ಹಕ್ಕು.

ಬ್ಯಾಂಕ್ ಸಾಲದ ವಿಚಾರದಲ್ಲಿ ನಮ್ಮ ಮುಂದೆ ಬಡ್ಡಿಯ ಪ್ರಶ್ನೆಯಿದೆ. ಬಡ್ಡಿ ನಿಷಿದ್ಧ ಎಂಬುದರಲ್ಲಿ ಸಂಶಯವಿಲ್ಲ. ಅನಿವಾರ್ಯ ಸಂದರ್ಭಗಳ ಬಗ್ಗೆ ವಿದ್ವಾಂಸರನ್ನು ಕೇಳಿ ತಿಳಿಯಬೇಕು. ಆದರೆ ಬಡ ಹುಡುಗನಿಗೆ ಬಡ್ಡಿ ಹರಾಮ್ ಎಂದು ಉಪದೇಶಿಸಿ, ಪರ್ಯಾಯವನ್ನು ಒದಗಿಸದೆ ಮನೆಗೆ ಹೋಗುವ ಸಮುದಾಯ ತನ್ನ ಹೊಣೆಯನ್ನು ಪೂರೈಸಿತೇ? ಉಪದೇಶಕ್ಕೆ ಬೆನ್ನೆಲುಬಾಗಿ ಕರ್ಝೆ ಹಸನ್, ಅಂದರೆ ಬಡ್ಡಿರಹಿತ ಸಾಲದ ನಿಧಿಯೊಂದು ಪ್ರತಿ ಜಮಾಅತ್‌ನಲ್ಲಿ ಇರಬೇಕು. ಪವಿತ್ರ ಕುರ್‌ಆನ್‌ನ ಒಂಬತ್ತನೇ ಅಧ್ಯಾಯ ಝಕಾತ್‌ನ ಎಂಟು ಹಕ್ಕುದಾರರನ್ನು ಹೆಸರಿಸಿದೆ. ನಿಜವಾಗಿಯೂ ಬಡವನಾದ ವಿದ್ಯಾರ್ಥಿ ಅವರಲ್ಲಿ ಮೊದಲ ವರ್ಗಗಳಿಗೇ ಸೇರುತ್ತಾನೆ. ರಮಝಾನ್‌ನಲ್ಲಿ ಮನೆ ಮುಂದೆ ಸಾಲು ನಿಲ್ಲಿಸಿ ನೂರಿನ್ನೂರು ರೂಪಾಯಿ ಹಂಚುವ ಬದಲು, ಹತ್ತು ಮಂದಿ ತಮ್ಮ ಝಕಾತನ್ನು ಒಟ್ಟುಗೂಡಿಸಿ ಒಬ್ಬ ವಿದ್ಯಾರ್ಥಿಯ ಮೂರು ವರ್ಷದ ಶುಲ್ಕ ಹೊತ್ತರೆ, ಅವನ ಕುಟುಂಬ ಮುಂದೆ ಝಕಾತ್ ಕೊಡುವ ಸ್ಥಿತಿಗೆ ಬರಬಹುದು. ಬದ್ರ್ ಯುದ್ಧದ ಕೈದಿಗಳಲ್ಲಿ ಓದುಬರಹ ಬಲ್ಲವರನ್ನು ಮದೀನಾದ ಮಕ್ಕಳಿಗೆ ಕಲಿಸಿದರೆ ಬಿಡುಗಡೆ ಮಾಡುವುದಾಗಿ ಪ್ರವಾದಿ(ಸ) ನಿಶ್ಚಯಿಸಿದ ಚರಿತ್ರೆ ನಮಗೆ ಗೊತ್ತಿದೆ. ವಿಮೋಚನಾ ಧನವನ್ನೇ ಬಿಟ್ಟುಕೊಟ್ಟು ಅಂದು ಮಕ್ಕಳಿಗೆ ವಿದ್ಯೆ ಕೊಡಿಸಲಾಯಿತು. ನಮ್ಮದೇ ಬೀದರಿನಲ್ಲಿ 1472ರಲ್ಲಿ ಮಹ್ಮೂದ್ ಗವಾನ್ ಕಟ್ಟಿಸಿದ ಮದ್ರಸದಲ್ಲಿ ಗ್ರಂಥಾಲಯದ ಜೊತೆಗೆ ವಿದ್ಯಾರ್ಥಿಗಳು ಉಳಿದುಕೊಳ್ಳುವ ಕೋಣೆಗಳೂ ಇದ್ದವು. ಓದುವವನ ಊಟ ವಸತಿಯೂ ಶಿಕ್ಷಣದ ಭಾಗವೆಂದು ಆ ಕಾಲದವರು ಅರಿತಿದ್ದರು.

ಹೆಣ್ಣುಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಹಣ ಸಾಲದಾದಾಗ ಮೊದಲು ನಿಲ್ಲುವುದು ಮಗಳ ಓದು. ಕಡಿಮೆ ಅಂಕದ ಮಗನಿಗೆ ಡೊನೇಶನ್ ಕೊಟ್ಟು ಸೀಟು ಕೊಡಿಸಿದ ತಂದೆಯೇ, ಹೆಚ್ಚು ಅಂಕ ಗಳಿಸಿದ ಮಗಳಿಗೆ ವರನ ಹುಡುಕಾಟ ಆರಂಭಿಸುತ್ತಾನೆ. 2022ರ ಹಿಜಾಬ್ ವಿವಾದದಲ್ಲಿ ಕೆಲವು ಹುಡುಗಿಯರು ಶುಲ್ಕ ಕಡಿಮೆಯಿದ್ದ ಸರಕಾರಿ ಕಾಲೇಜುಗಳನ್ನು ಬಿಟ್ಟು ಖಾಸಗಿ ಕಾಲೇಜುಗಳನ್ನು ಹುಡುಕಬೇಕಾಯಿತು. ಕೆಲವರ ಓದು ಅಲ್ಲಿಗೇ ನಿಂತಿತು. ತಲೆವಸ್ತ್ರಕ್ಕೂ ಶಿಕ್ಷಣಕ್ಕೂ ನಡುವೆ ಆಯ್ಕೆ ಮಾಡಿಕೊಳ್ಳುವಂತೆ ಮಾಡಿದ ರಾಜಕೀಯ ಖಂಡನೀಯ. ಜೊತೆಗೆ, ಅಂದು ಮಕ್ಕಳ ಹಕ್ಕಿಗಾಗಿ ಘೋಷಣೆ ಕೂಗಿದ ನಾವು, ಆ ಮಕ್ಕಳ ಹೆಚ್ಚುವರಿ ಶುಲ್ಕವನ್ನು ಹಂಚಿಕೊಂಡೆವೇ ಎಂದು ಆತ್ಮಾವಲೋಕನ ಮಾಡಬೇಕು. ಒಂದು ಮದುವೆಯ ಸಭಾಂಗಣದ ಬಾಡಿಗೆ, ಬಗೆಬಗೆಯ ಖಾದ್ಯ ಮತ್ತು ವರದಕ್ಷಿಣೆಯ ಬಂಗಾರಕ್ಕೆ ಹಣ ಹೊಂದುತ್ತದೆ, ಪದವಿಗೆ ಮಾತ್ರ ಹೊಂದುವುದಿಲ್ಲ ಎಂದರೆ ಅದನ್ನು ಬಡತನವೆಂದು ಕರೆಯಲಾಗದು.

ಈಗ ಆಗಬೇಕಾದದ್ದೇನು? ಪ್ರತಿ ಊರಿನ ಮಸೀದಿಯಲ್ಲಿ ಫಲಿತಾಂಶಕ್ಕೂ ಮೂರು ತಿಂಗಳು ಮೊದಲೇ ಒಂದು ಮೇಜು, ಒಂದು ಕಂಪ್ಯೂಟರ್ ಮತ್ತು ವಿಷಯ ಬಲ್ಲ ಇಬ್ಬರು ಯುವಕರು ಅಥವಾ ಯುವತಿಯರು ಸಾಕು. ಊರಿನಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಓದುತ್ತಿರುವ ಮಕ್ಕಳ ಪಟ್ಟಿ ತಯಾರಾಗಲಿ. ಯಾರ ಪ್ರಮಾಣ ಪತ್ರ ಇಲ್ಲ, ಯಾರ ಹೆಸರು ತಪ್ಪಿದೆ, ಯಾರು ಯಾವ ಅರ್ಜಿ ಹಾಕಬೇಕು ಎಂದು ಅದರಲ್ಲಿ ಬರೆದಿಡಲಿ. ಜುಮಾ ದಿನದ ಪ್ರಕಟಣೆಗಳಲ್ಲಿ ಅರ್ಜಿಯ ಕೊನೆಯ ದಿನಾಂಕವನ್ನೂ ಓದಿ ಹೇಳಲಿ. ಧರ್ಮಭೇದವಿಲ್ಲದೆ ಊರಿನ ಯಾವ ಬಡ ಮಗು ಬಂದರೂ ಆ ಮೇಜು ನೆರವಾಗಲಿ. ಇದಕ್ಕೆ ಲಕ್ಷಾಂತರ ರೂಪಾಯಿ ಬೇಕಿಲ್ಲ. ಒಂದು ಸಮಾರಂಭದ ಶಾಮಿಯಾನದ ಬಾಡಿಗೆಯಷ್ಟು ಹಣ ಸಾಕು.

ಪುರಸ್ಕಾರದ ವೇದಿಕೆಗಳು ಇರಲಿ. ಆದರೆ ಮುಂದಿನ ವರ್ಷ ವೇದಿಕೆಯ ಮೇಲೆ ಓದುವ ವರದಿಯಲ್ಲಿ, ಇಷ್ಟು ಮಂದಿಗೆ ಸ್ಮರಣಿಕೆ ಕೊಟ್ಟೆವು ಎಂಬ ಸಾಲಿನ ಪಕ್ಕದಲ್ಲಿ, ಶುಲ್ಕದ ಕಾರಣಕ್ಕೆ ನಮ್ಮ ಮೊಹಲ್ಲಾದಲ್ಲಿ ಇಷ್ಟು ಮಕ್ಕಳ ಓದು ನಿಂತಿತು ಎಂಬ ಸಾಲೂ ಇರಲಿ. ಆ ಸಂಖ್ಯೆ ಸೊನ್ನೆಯಾಗುವವರೆಗೆ ಸಮುದಾಯದ ನಾಯಕತ್ವಕ್ಕೆ ನಿದ್ದೆ ಬರಬಾರದು.